ರವಿವಾರ ತೆಗೆದ ರೀಲು

ಬೈಲಹೊಂಗಲ
16-11-1974

ಗೆಳೆಯಾ ಶಟ್ಟೆಪ್ಪ,

ದೀಪಾವಳಿ ಸೂಟಿ ಬಿಟ್ಟ ದಿನ ಹೇಳದೆ ಕೇಳದೆ ಕಟಕೋಳದ ಬಸ್ಸು ಹತ್ತಿ ಹೋದೆಯಲ್ಲ, ಇದಕ್ಕೆ ಏನೆನ್ನಬೇಕು? ಹಾಸ್ಟೆಲಿಗೆ ಹೋದರೆ ಗಂಟು ಕಟ್ಟಿಕೊಂಡು ಹೋದ ಎಂದರು. ಬಸ್‌ಸ್ಟ್ಯಾಂಡಿನ ತನಕ ಓಡಿದೆ, ಧೂಳಷ್ಟೇ ಸಿಕ್ಕಿತು. ಸಿಟ್ಟು ಇನ್ನೂ ಇದೆ. ಆದರೆ ಸುದ್ದಿ ದೊಡ್ಡದು, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಸಿನಿಮಾದ ರೀಲು ಮುಂಬಯಿಗೆ ಹೋಯಿತು! ಶಂಕರೆಪ್ಪ ಮಾಮಾ ತನ್ನ ಫೋಟೋ ಸ್ಟುಡಿಯೋದಲ್ಲಿ ಕೂತು ಡಬ್ಬಿಗೆ ಬಟ್ಟೆ ಹೊಲಿದು, ಅರಗು ಹಾಕಿ, ರಜಿಸ್ಟರ್ ಮಾಡಿ ಬಂದ. ಅಲ್ಲಿ ತೊಳೆದು ತಿರುಗಿ ಕಳಿಸಲು ತಿಂಗಳು ಬೇಕಂತೆ. ಅಲ್ಲಿಯವರೆಗೆ ಅದರಲ್ಲಿ ಏನು ಬಂದಿದೆ, ಏನು ಕೆಟ್ಟಿದೆ ಎಂದು ದೇವರಿಗೂ ಗೊತ್ತಿಲ್ಲ. "ಲಗ್ನದ ರೀಲಿನ್ಯಾಗ ಉಳದದ್ದನ್ನ ನಿಮಗ ಕೊಟ್ಟೇನಿ. ಮಾರಿ ಬರದಿದ್ರ ನನ್ನ ಕೇಳಬ್ಯಾಡ್ರಿ" ಎಂದು ಮಾಮಾ ದಿನಕ್ಕೊಂದು ಸಲ ಹೇಳುತ್ತಾನೆ.

ಇನ್ನೊಂದು ಕೇಳು. ಹೆಡ್‌ಮಾಸ್ತರರಿಗೆ ಸುದ್ದಿ ಮುಟ್ಟಿದೆ. ಜನವರಿ ನಾಲ್ಕಕ್ಕೆ ಶಾಲೆಯ ವಾರ್ಷಿಕ ಗ್ಯಾದರಿಂಗ್. ಶಾಲೆಯ ಕಮಿಟಿಯ ಚೇರಮನ್ನರು, ಊರಿನ ಹಿರಿಯರು, ಪಾಲಕರು ಎಲ್ಲರ ಮುಂದೆ ನಮ್ಮ 'ನಮ್ಮ ಸಾಲಿ' ಸಿನಿಮಾ ತೋರಿಸಬೇಕಂತೆ. ರೀಲಿಗೆ ಮಾತಿಲ್ಲವಲ್ಲ, ಅದಕ್ಕೆ ನಾನು ಮೈಕಿನಲ್ಲಿ ನಿಂತು ವಿವರಣೆ ಓದುತ್ತೇನೆ.

ಮಾಮಾ ಎಲ್ಲಕ್ಕಿಂತ ಚಲೋ ಬರುವುದು ಯಾವುದು ಎಂದು ಕೇಳಿದ. ನೀರಿನ ಸೀನು ಎಂದೆ. ಆ ರವಿವಾರ ಶಾಲೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ನೀನು ಮೈದಾನ ಆರು ಸುತ್ತು ಓಡಿ ಬಂದು, ವರಾಂಡದ ಮೂಲೆಯ ಕುಡಿಯುವ ನೀರಿನ ಹರವಿಯಲ್ಲಿ ತಂಬಿಗೆ ಮುಳುಗಿಸಿ ಗಟಗಟ ಕುಡಿದೆ. ಗದ್ದದಿಂದ ನೀರು ಇಳಿದು ಅಂಗಿ ತೊಯ್ದಿತು. ಮೊದಲು ಸುಮ್ಮನೆ ಕೈ ಹಿಂದೆ ತೆಗೆದೆಯಲ್ಲ, ನಾನು "ಲೇ, ಬಿಸಲ ಹೋಗತೈತಿ, ಲಗೂ ಮುಳಗಸೋ!" ಎಂದು ಒದರಿದ್ದು ನೆನಪಿದೆಯಾ? ಸಿನಿಮಾ ಅಲ್ಲಿಗೇ ಮುಗಿಯಬೇಕು ಎಂದು ನಾನು ಗಟ್ಟಿ ಮಾಡಿದ್ದೇನೆ.

ಲಗೂ ಉತ್ತರ ಬರಿ.

ನಿಜಗುಣ

ಕಟಕೋಳ
23-11-1974

ನಿಜಗುಣನಿಗೆ,

ನಿನ್ನ ಪತ್ರ ಮುಟ್ಟಿತು. ಹೇಳದೆ ಬಂದದ್ದಕ್ಕೆ ಬೇಜಾರಾಗಬೇಡ. ಮನೆಯಲ್ಲಿ ಕೆಲಸವಿತ್ತು.

ಮುಂಬಯಿಗೆ ಹೋದ ಡಬ್ಬಿಯನ್ನು ನಡುವೆ ತಿರುಗಿ ಕರೆಸಿಕೊಳ್ಳಲು ಬರುತ್ತದೆಯೇ? ಪೋಸ್ಟ್ ಮಾಸ್ತರರನ್ನು ಕೇಳಿ ತಿಳಿಸು.

ಅವತ್ತು ನೀರಿನ ಸೀನು ತೆಗೆಯುವಾಗ ಮೋಡ ಬಂದಿತ್ತು ಎಂದು ನನಗೆ ನೆನಪು. ಅದು ಬಂದಿರಲಿಕ್ಕಿಲ್ಲ. ಬಂದಿದ್ದರೂ ಅದನ್ನು ತೆಗೆದುಬಿಡು. ನನ್ನ ಅಂಗಿಯ ಬಗಲು ಹರಿದಿತ್ತು, ನೋಡಿದವರು ನಗುತ್ತಾರೆ. ಪ್ರಾರ್ಥನೆ, ಕಬಡ್ಡಿ, ಗಂಟೆ ಹೊಡೆಯುವುದು, ಇಷ್ಟು ಸಾಕು. ನಾನು ಇಲ್ಲದಿದ್ದರೂ ಸಿನಿಮಾ ಚಲೋ ಆಗುತ್ತದೆ.

ಅಪ್ಪನಿಗೆ ಮೈಯಲ್ಲಿ ಆರಾಮಿಲ್ಲ. ಶಾಲೆ ಶುರುವಾದ ಮೇಲೆ ಬರುವುದು ನಾಲ್ಕು ದಿನ ತಡವಾಗಬಹುದು.

ಶಟ್ಟೆಪ್ಪ

ಬೈಲಹೊಂಗಲ
29-11-1974

ಶಟ್ಯಾ,

ಹರಿದ ಅಂಗಿಗೆ ಅಂಜಿ ರೀಲು ತಿರುಗಿ ತರಿಸುವವ ಈ ಭೂಮಿಯ ಮೇಲೆ ನೀನೊಬ್ಬನೇ ಇರಬೇಕು! ಎಂಥಾ ನಾಚಿಕೆ ಮಾರಾಯಾ ನಿನ್ನದು. ಓದಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಮಾಮಾನಿಗೂ ಓದಿ ತೋರಿಸಿದೆ. "ಅಂಗಿ ಹರದಿದ್ರ ಇನ್ನೂ ಚಲೋ, ಖರೇ ಹುಡಗೂರು ಕಂಡಂಗ ಕಾಣತಾರ" ಎಂದ.

ಮೋಡಗೀಡ ಏನೂ ಇರಲಿಲ್ಲ. ಬೆಳಕು ಬೆಂಕಿಯಂತೆ ಇತ್ತು. ಪೋಸ್ಟ್ ಮಾಸ್ತರರನ್ನು ನಾನು ಕೇಳುವುದೂ ಇಲ್ಲ.

ಶಿಪಾಯಿ ಮಡಿವಾಳೆಪ್ಪ ಬಜಾರದಲ್ಲಿ ಸಿಕ್ಕು, "ನನ್ನ ಗಂಟಿ ಹೊಡಿಯೂದು ಬಂದೈತಿ ಇಲ್ಲೋ?" ಎಂದು ಕೈ ಹಿಡಿದುಕೊಂಡು ಕೇಳಿದ. ಹೆಂಡತಿ ಮಕ್ಕಳನ್ನೆಲ್ಲ ಕರೆದುಕೊಂಡು ಬರುತ್ತಾನಂತೆ. ಊರಿಗೆ ಊರೇ ಕಾಯುತ್ತಿದೆ.

ಸೋಮವಾರ ಶಾಲೆ. ಎಸ್ಸೆಸ್ಸೆಲ್ಸಿ ಫಾರಂ ತುಂಬಲು ಡಿಸೆಂಬರ್ 20 ಕಡೆಯ ದಿನ. ಅಪ್ಪಾರ ಆರೋಗ್ಯ ನೋಡಿಕೊಂಡು ಸುಮ್ಮನೆ ಬಾ. ಹೊಸ ಅಂಗಿ ಬೇಕಾದರೆ ನನ್ನದು ಹಾಕಿಕೋ.

ನಿಜಗುಣ

ಕಟಕೋಳ
7-12-1974

ನಿಜಗುಣ,

ನಿನ್ನ ಮಾಮಾನ ಮುಂದೆ ನನ್ನ ಪತ್ರ ಓದಿದೆಯಾ? ಇದನ್ನು ಯಾರ ಮುಂದೆಯೂ ಓದಬೇಡ. ಓದಿ ಸುಟ್ಟುಬಿಡು. ಅಪ್ಪನಿಗೆ ಯಾವ ಬ್ಯಾನೆಯೂ ಇಲ್ಲ. ಅಂಗಿಯ ಮಾತೂ ಸುಳ್ಳು.

ಒಂದು ಕೇಳುತ್ತೇನೆ, ಖರೆ ಹೇಳು. ಮೂರು ವರ್ಷ ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತಿದ್ದೇವೆ. ನಾನು ಶಾಲೆಯಲ್ಲಿ ನೀರು ಹೇಗೆ ಕುಡಿಯುತ್ತೇನೆ ಎಂದು ನೋಡಿದ್ದೀಯಾ? ನೀವೆಲ್ಲ ಹರವಿಯಲ್ಲಿ ತಂಬಿಗೆ ಮುಳುಗಿಸುತ್ತೀರಿ. ನಾನು ಮತ್ತು ನಮ್ಮ ಹಾಸ್ಟೆಲಿನ ಹುಡುಗರು ಕೆಳಗಿನ ಮೆಟ್ಟಿಲ ಮೇಲೆ ಬೊಗಸೆ ಹಿಡಿದು ನಿಲ್ಲುತ್ತೇವೆ. ಮಡಿವಾಳೆಪ್ಪ ಮೇಲಿನಿಂದ ಸುರಿಯುತ್ತಾನೆ. ಅವನು ಇಲ್ಲದ ದಿನ ನೀರಿಲ್ಲದೆ ಇದ್ದು ಸಂಜೆ ಹಾಸ್ಟೆಲಿಗೆ ಹೋಗಿ ಕುಡಿಯುತ್ತೇವೆ. ಇದು ಯಾವ ಬೋರ್ಡಿನ ಮೇಲೂ ಬರೆದಿಲ್ಲ. ಯಾರೂ ಹೇಳುವುದೂ ಇಲ್ಲ. ಇದು ಕಾಯದೆಯ ಪ್ರಕಾರ ಅಪರಾಧವೆಂದು ಪೌರನೀತಿಯ ಪುಸ್ತಕದಲ್ಲಿ ನಾವೇ ಬಾಯಿಪಾಠ ಮಾಡಿದ್ದೇವೆ.

ಆ ರವಿವಾರ ನೀನು ಮುಳುಗಿಸು ಎಂದೆ. ನಾನು ಕೈ ಹಿಂದೆ ತೆಗೆದದ್ದು ಸುಮ್ಮನೆ ಅಲ್ಲ. ನೀನು ಒದರಿದೆ. ಗಂಟಲು ಒಣಗಿತ್ತು, ಯಾರೂ ಇರಲಿಲ್ಲ, ಮುಳುಗಿಸಿಬಿಟ್ಟೆ. ಮರುದಿನ ಸೋಮವಾರ ಅದೇ ಹರವಿ, ಅದೇ ನೀರು. ಹೆಡ್‌ಮಾಸ್ತರರಿಗೆ ಮಡಿವಾಳೆಪ್ಪ ಅದರಿಂದಲೇ ತಂಬಿಗೆ ತುಂಬಿ ಒಯ್ದ. ಮಾಸ್ತರರೆಲ್ಲ ಕುಡಿದರು. ಚೇರಮನ್ನರೂ ಅವತ್ತು ಬಂದಿದ್ದರು. ನಾನು ಬೊಗಸೆ ಹಿಡಿದು ನಿಂತು ನೋಡುತ್ತಿದ್ದೆ. ಬೊಗಸೆಯ ನೀರೆಲ್ಲ ಸೋರಿತು.

ಗ್ಯಾದರಿಂಗಿನ ದಿನ ಅದನ್ನು ಊರಿಗೆ ಊರೇ ನೋಡುತ್ತದೆ. ನೋಡಿದವರು ಲೆಕ್ಕ ಹಿಡಿಯುತ್ತಾರೆ. ಯಾವತ್ತು ಮುಟ್ಟಿದ, ಆಮೇಲೆ ಯಾರು ಯಾರು ಕುಡಿದರು ಎಂದು. ಹೋದ ಬೇಸಿಗೆಯಲ್ಲಿ ನಮ್ಮ ಕಾಕಾನ ಮಗ ಸತ್ಯಪ್ಪ ಒಂದು ಊರಿನ ಕೆರೆಯಲ್ಲಿ ಎಲ್ಲರಿಗಿಂತ ಮೊದಲು ಕೊಡ ಇಳಿಸಿದ. ಅವನ ಬಲಗೈ ಇವತ್ತಿಗೂ ಮೇಲೆ ಏಳುವುದಿಲ್ಲ. ಕೇಸು ಆಗಲಿಲ್ಲ. ಆಲದ ಗಿಡದಿಂದ ಬಿದ್ದ ಎಂದು ಪೊಲೀಸರು ಬರೆದುಕೊಂಡರು.

ನನಗೆ ಅಂಜಿಕೆ ಬಂದಿದೆ. ಅನ್ನ ಒಳಗೆ ಇಳಿಯುತ್ತಿಲ್ಲ. ಆ ರೀಲು ಬಂದ ಕೂಡಲೆ ಸುಡು. ಅದು ಇರುವ ತನಕ ನಾನು ಶಾಲೆಗೆ ಬರುವುದಿಲ್ಲ. ಫಾರಂ ಹೋದರೆ ಹೋಗಲಿ.

ಶಟ್ಟೆಪ್ಪ

ಬೈಲಹೊಂಗಲ
13-12-1974

ಶಟ್ಟೆಪ್ಪ,

ನಿನ್ನ ಪತ್ರ ಸುಟ್ಟೆ. ಸುಡುವ ಮೊದಲು ನಾಲ್ಕು ಸಲ ಓದಿದೆ.

ನೋಡಿದ್ದೇನೆ. ದಿನಾ ನೋಡಿದ್ದೇನೆ. ಮಡಿವಾಳೆಪ್ಪ ಸುರಿಯುವುದು, ನೀವು ಬಗ್ಗುವುದು, ಎಲ್ಲ. ಅದು ಏನು ಎಂದು ಒಂದು ದಿನವೂ ನನಗೆ ಅನ್ನಿಸಲಿಲ್ಲ. ರವಿವಾರ ಕ್ಯಾಮೆರಾದಲ್ಲಿ ಕಣ್ಣಿಟ್ಟಾಗಲಂತೂ ನಾನು ಬಿಸಿಲನ್ನಷ್ಟೇ ನೋಡುತ್ತಿದ್ದೆ. ಏನು ಬರೆಯಲಿ ನಿನಗೆ?

ಅದಕ್ಕಿಂತ ದೊಡ್ಡದು ಇದು: ರೀಲು ಬಂತು. ನಿನ್ನೆ ಬಂತು. ಮಾಮಾ ಸ್ಟುಡಿಯೋದ ಗೋಡೆಯ ಮೇಲೆ ಓಡಿಸಿದ. ಕಬಡ್ಡಿ ಅಲ್ಲಾಡಿದೆ, ಪ್ರಾರ್ಥನೆ ಕಪ್ಪಾಗಿದೆ. ನೀರಿನ ಸೀನು ಮಾತ್ರ ಸ್ವಚ್ಛ. ಹರವಿಯ ಕಂಠಕ್ಕೆ ಬಳಿದ ಸುಣ್ಣದ ಪಟ್ಟಿಯೂ ಕಾಣುತ್ತದೆ. ನಿನ್ನ ಮುಖ ಗೋಡೆ ತುಂಬ ಬಂತು. ಮಾಮಾ "ಭಲೆ!" ಎಂದು ತೊಡೆ ತಟ್ಟಿದ. ಅವನಿಗೆ ಏನೂ ಹೊಳೆಯಲಿಲ್ಲ.

ಸುಡಲು ಆಗುವುದಿಲ್ಲ, ಅದು ಮಾಮಾನ ರೀಲು. ಅದರ ಹಿಂದಿನ ಅರ್ಧ ನೇಸರಗಿಯವರ ಲಗ್ನ. ಆದರೆ ಆ ತುಂಡಷ್ಟನ್ನು ಬ್ಲೇಡಿನಿಂದ ಕತ್ತರಿಸಿ ಎರಡು ತುದಿ ಅಂಟಿಸಬಹುದು. ಮಾಮಾ ಮಾಡುವುದನ್ನು ನೋಡಿದ್ದೇನೆ. ಕಪಾಟಿನ ಕೀಲಿ ಅವನ ಉಡಿದಾರದಲ್ಲಿದೆ, ಹೇಗಾದರೂ ಮಾಡುತ್ತೇನೆ. ನೀನು ಫಾರಂ ಬಿಡಬೇಡ. ಕಾಲು ಬೀಳುತ್ತೇನೆ, ವರ್ಷ ಕಳೆದುಕೊಳ್ಳಬೇಡ.

ನಿಜಗುಣ

ಕಟಕೋಳ
17-12-1974

ನಿಜಗುಣ,

ಅಪ್ಪನಿಗೆ ಎಲ್ಲ ಹೇಳಿದೆ. ಬಯ್ಯುತ್ತಾನೆ ಎಂದುಕೊಂಡಿದ್ದೆ. ಬಯ್ಯಲಿಲ್ಲ. ಗಚ್ಚು ಬಳಿಯುವ ಕರಣಿ ಕೆಳಗಿಟ್ಟ. ಆಮೇಲೆ "ನಾಳಿಂದ ನನ್ನ ಜೋಡಿ ಕೆಲಸಕ್ಕ ಬಾ. ಗೌಂಡಿ ಕೆಲಸಕ್ಕ ಯಾರೂ ಹರವಿ ಲೆಕ್ಕ ಕೇಳೂದಿಲ್ಲ" ಎಂದ. ನಾಲ್ಕು ದಿನದಿಂದ ಗಚ್ಚು ಕಲಸುತ್ತಿದ್ದೇನೆ. ಅಕ್ಕ ರಾಯವ್ವ ಮಾತ್ರ ಅಳುತ್ತಾಳೆ. ನಮ್ಮ ಮನೆಯಲ್ಲಿ ಹತ್ತನೆಯ ತನಕ ಬಂದವ ನಾನೊಬ್ಬನೇ ನೋಡು.

ನೀನು ಕತ್ತರಿಸಿದರೆ ಒಂದು ಕಾರ್ಡು ಹಾಕು. ಇಲ್ಲಿ ಕಾರ್ಡನ್ನು ಟಪಾಲಿನವ ಓದಿಯೇ ಕೊಡುತ್ತಾನೆ, ಅದಕ್ಕೆ 'ಜ್ವರ ಬಿಟ್ಟಿತು' ಎಂದು ಬರಿ, ಸಾಕು. ಅಂದರೆ ನಾನು ಬಂದು ಫಾರಂ ತುಂಬುತ್ತೇನೆ. ಇಲ್ಲದಿದ್ದರೆ ಬರುವುದಿಲ್ಲ.

ಶಟ್ಟೆಪ್ಪ

ಬೈಲಹೊಂಗಲ
20-12-1974

ಶಟ್ಟೆಪ್ಪ,

ಜ್ವರ ಬಿಟ್ಟಿತು. ಫಾರಂಗೆ 24ರ ತನಕ ಮುದ್ದತು ಕೊಟ್ಟಿದ್ದಾರೆ. ನಿನ್ನದನ್ನು ನಾನೇ ಬರೆದು ಇಟ್ಟಿದ್ದೇನೆ, ಸಹಿ ಒಂದು ಬಾಕಿ. ಲಗೂ ಬಾ.

ನಿಜಗುಣ

ಕಟಕೋಳ
28-12-1974

ಗೆಳೆಯಾ ನಿಜಗುಣ,

ಸೋಮವಾರ ಬಂದು ಸಹಿ ಮಾಡಿ ಹೋದಾಗಿನಿಂದ ಹೊಟ್ಟೆ ತುಂಬ ಉಣ್ಣುತ್ತಿದ್ದೇನೆ. ರಾಯವ್ವಕ್ಕ "ಇವಗ ಮೂರು ರೊಟ್ಟಿ ಹೆಚ್ಚಿಗಿ ಬಡಿಯೂದಾತು" ಎನ್ನುತ್ತಾಳೆ. ಹಿಡಿದ ಗೋಡೆ ಮುಗಿಸಿ ಜನವರಿಯಲ್ಲಿ ಹಾಸ್ಟೆಲಿಗೆ ಹೋಗು ಎಂದು ಅಪ್ಪನೇ ಹೇಳಿದ.

ನೀನು ಯಾಕೆ ಅಷ್ಟು ಸಪ್ಪಗಿದ್ದೆ? ಬಸ್‌ಸ್ಟ್ಯಾಂಡಿನಲ್ಲಿ ಶೇಂಗಾದ ಪೊಟ್ಟಣ ಕೈಗೆ ಕೊಟ್ಟು ಅತ್ತ ತಿರುಗಿ ನಿಂತೆ. ಎಷ್ಟು ಕತ್ತರಿಸಿದೆ, ಹೇಗೆ ಕತ್ತರಿಸಿದೆ ಎಂದು ಕೇಳಬೇಕೆಂದಿದ್ದೆ. ಸುತ್ತ ಮಂದಿ ಇದ್ದರು. ಮಾಮಾ ಕಂಡುಹಿಡಿದು ಹೊಡೆದನೇನು? ನನ್ನ ಸಲುವಾಗಿ ಹೊಡೆತ ತಿಂದಿದ್ದರೆ ಹೇಳು. ಅದನ್ನು ನಾನು ಮರೆಯುವುದಿಲ್ಲ.

ಒಂದು ಮಜಾ ಕೇಳು. ಅಪ್ಪನಿಗೆ ಸಿನಿಮಾ ನೋಡಬೇಕಾಗಿದೆ! "ನೀರಿಂದು ಹೋತಲ್ಲ, ಓಡೂದರೆ ಉಳದೈತಿ ಅಲ್ಲ? ನನ್ನ ಮಗಾ ಓಡೂದನ್ನ ನಾನೂ ನೋಡತೇನಿ" ಎಂದು ಪಟ್ಟು ಹಿಡಿದಿದ್ದಾನೆ. ಬಿಳಿ ಅಂಗಿ ಒಗೆಸಿ ಬುದ್ಧನ ಪಟದ ಕೆಳಗಿನ ಗೂಟಕ್ಕೆ ಹಾಕಿದ್ದಾನೆ. ನಾನು, ಅಕ್ಕ, ಅಪ್ಪ ಮೂವರೂ ಬರುತ್ತೇವೆ. ಹಿಂದೆ ಗೋಡೆಯ ಹತ್ತಿರ ನಮಗೆ ಜಾಗ ಹಿಡಿ.

ಶಟ್ಟೆಪ್ಪ

ಬೈಲಹೊಂಗಲ
1-1-1975

ಶಟ್ಟೆಪ್ಪ,

ಬರಬೇಡಿ. ಯಾರೂ ಬರಬೇಡಿ. ಅಪ್ಪಾರನ್ನಂತೂ ಕರೆತರಲೇಬೇಡ.

ನಾನು ಕತ್ತರಿಸಿಲ್ಲ. ಜ್ವರ ಬಿಟ್ಟಿತು ಎಂದು ಬರೆದದ್ದು ಸುಳ್ಳು.

19ನೆಯ ತಾರೀಖು ಮಾಮಾ ಜಳಕಕ್ಕೆ ಹೋದಾಗ ಕೀಲಿ ಸಿಕ್ಕಿತು. ರೀಲು ತೆಗೆದು ಬೆಳಕಿಗೆ ಹಿಡಿದೆ. ಕಿರುಬೆರಳಿನ ಉಗುರಿಗಿಂತ ಸಣ್ಣ ಸಣ್ಣ ಚಿತ್ರ, ಒಂದೊಂದರಲ್ಲೂ ನೀನು. ಬ್ಲೇಡು ಕೈಯಲ್ಲೇ ಇತ್ತು. ಮಾಮಾ ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ. ಕಪಾಳಕ್ಕೆ ಒಂದು ಬಿತ್ತು. "ಲಗ್ನದ ರೀಲಿಗೆ ಬ್ಲೇಡ್ ಹಚ್ಚತಿ? ಕೈ ಮುರದು ಕೊಡತೇನಿ" ಎಂದ. ಯಾಕೆ ಎಂದು ಕೇಳಿದ. ಹೇಳಿದ್ದರೆ ಅವನೇ ಕತ್ತರಿಸಿಬಿಡುತ್ತಿದ್ದನೇನೋ. ಆದರೆ ಹರವಿಯ ಮಾತು ಎತ್ತಿದರೆ ನೀರು ಕುಡಿ ಎಂದವ ನಾನು ಎಂದೂ ಹೇಳಬೇಕಲ್ಲ. ಬಾಯಿ ಬರಲಿಲ್ಲ. ಸುಮ್ಮನೆ ಅತ್ತೆ. ಮರುದಿನ ಅವನು ರೀಲನ್ನು ಹೆಡ್‌ಮಾಸ್ತರರ ಕಪಾಟಿನಲ್ಲಿ ಇಟ್ಟು ಬಂದ.

ಕಡೆಯ ದಿನ ಹತ್ತಿರ ಬಂದಿತ್ತು. ಕಾರ್ಡು ಹಾಕದಿದ್ದರೆ ನೀನು ಬರುತ್ತಿರಲಿಲ್ಲ. ಫಾರಂ ತುಂಬಲಿ, ಮುಂದಿನದು ಮುಂದೆ ಎಂದು ಬರೆದೆ. ನೀನು ನಗುನಗುತ್ತ ಬಸ್ಸಿನಿಂದ ಇಳಿದೆ. ನಿನ್ನ ಮುಖ ನೋಡಲು ನನ್ನಿಂದ ಆಗಲಿಲ್ಲ. ನೀನು ಗ್ಯಾದರಿಂಗಿಗೆ ಬರುವುದಿಲ್ಲ ಎಂದೇ ಧೈರ್ಯ ಹಿಡಿದಿದ್ದೆ. ಈಗ ಅಪ್ಪಾರು ಬರುತ್ತಾರೆ ಎನ್ನುತ್ತೀ. ಓದಿದ ಕೂಡಲೆ ಇದನ್ನು ಬರೆಯಲು ಕೂತೆ.

ಇದು ಶುಕ್ರವಾರಕ್ಕಾದರೂ ಮುಟ್ಟಲಿ ದೇವರೇ.

ನಿಜಗುಣ

ಕಟಕೋಳ
4-1-1975, ಮಧ್ಯಾಹ್ನ

ನಿಜಗುಣ,

ನಿನ್ನ ಪತ್ರ ಇವತ್ತು ಹನ್ನೊಂದು ಗಂಟೆಗೆ ಬಂತು. ಅಪ್ಪ ಮನೆಯಲ್ಲಿ ಇಲ್ಲ. ನಿನ್ನೆಯೇ ಕಲ್ಲಿನ ಕೆಲಸ ನೋಡಲು ಯರಗಟ್ಟಿಗೆ ಹೋದ. ಅಲ್ಲಿಂದ ಸೀದಾ ಬೈಲಹೊಂಗಲಕ್ಕೆ ಬರುತ್ತಾನೆ. ಬಿಳಿ ಅಂಗಿ ಚೀಲದಲ್ಲಿ ಇಟ್ಟುಕೊಂಡೇ ಹೋಗಿದ್ದಾನೆ. ನಾನು, ಅಕ್ಕ ಹನ್ನೆರಡರ ಬಸ್ಸಿಗೆ ಬಂದು ಅಲ್ಲಿ ಕೂಡಬೇಕೆಂದು ಮಾತಾಗಿತ್ತು.

ಓಡಿ ಬಸ್ಸಿಗೆ ಹೋದೆ. ಅಪ್ಪನನ್ನು ಶಾಲೆಯ ಬಾಗಿಲಲ್ಲೇ ತಡೆದು ತಿರುಗಿಸಬೇಕು ಎಂದು. ಬಸ್ಸು ಬಂತು, ನಿಂತಿತು. ಕಂಡಕ್ಟರ "ಹತ್ತತಿಯೇನೋ ಇಲ್ಲೋ?" ಎಂದ. ಸತ್ಯಪ್ಪನ ಕೈ ಕಣ್ಣ ಮುಂದೆ ಬಂತು. ನಾನು ಹತ್ತಲಿಲ್ಲ. ನನ್ನ ಅಪ್ಪ ಅಲ್ಲಿ ಒಬ್ಬನೇ ಇರುತ್ತಾನೆ ಎಂದು ಗೊತ್ತಿದ್ದೂ ಹತ್ತಲಿಲ್ಲ.

ಇದು ನಿನಗೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಆದರೂ ಬರೆಯುತ್ತಿದ್ದೇನೆ, ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತದೆ. ನನ್ನ ಅಪ್ಪನಿಗೆ ಏನಾದರೂ ಆದರೆ ನಿನ್ನ ಮುಖ ನೋಡುವುದಿಲ್ಲ. ನನ್ನ ಮುಖವನ್ನೂ ಯಾರಿಗೂ ತೋರಿಸುವುದಿಲ್ಲ.

ಶಟ್ಟೆಪ್ಪ

ಸವದತ್ತಿ
6-1-1975

ಶಟ್ಟೆಪ್ಪ,

ಮೊದಲು ಇದನ್ನು ಓದು: ಅಪ್ಪಾರಿಗೆ ಯಾರೂ ಕೈ ಹಚ್ಚಲಿಲ್ಲ. ನಾನೇ ಕಣ್ಣಾರೆ ನೋಡಿದ್ದೇನೆ. ಗದ್ದಲದಲ್ಲಿ ಮಾಮಾನೇ ಅವರ ತೋಳು ಹಿಡಿದು ಹಿಂದಿನ ಗೇಟಿನಿಂದ ಹೊರಗೆ ಕಳಿಸಿದ. ಇಷ್ಟು ಹೊತ್ತಿಗೆ ಮನೆ ಮುಟ್ಟಿರುತ್ತಾರೆ.

ನಿನ್ನೆ ಮಾಮಾ ನನ್ನನ್ನು ಇಲ್ಲಿಗೆ, ನಮ್ಮ ಅಪ್ಪನ ಮನೆಗೆ ಕಳಿಸಿಬಿಟ್ಟ. ಪರೀಕ್ಷೆಯ ತನಕ ಇಲ್ಲೇ ಇರಬೇಕಂತೆ.

ಏನಾಯಿತು ಹೇಳುತ್ತೇನೆ. ಸಂಜೆ ಏಳಕ್ಕೆ ಪರದೆಯ ಬದಲು ಬಿಳಿ ಧೋತರ ಕಟ್ಟಿ ಶುರು ಮಾಡಿದರು. ನಾನು ಮೈಕಿನ ಮುಂದೆ. ನನ್ನ ದನಿ ಆಡಿನ ದನಿ ಆಗಿತ್ತು. ಮಡಿವಾಳೆಪ್ಪ ಗಂಟೆ ಹೊಡೆದಾಗ ಅವನ ಮಕ್ಕಳು ಕೇಕೆ ಹಾಕಿದವು. ನೀನು ಓಡಿದೆ. ನೀರಿನ ಸೀನು ಬಂತು. ನಾನು ಒಂದು ಅಕ್ಷರವೂ ಓದಲಿಲ್ಲ. ನೀನು ತಂಬಿಗೆ ಮುಳುಗಿಸಿದೆ, ಎತ್ತಿದೆ, ಕುಡಿದೆ. ಧೋತರದ ತುಂಬ ನೀರು.

ಮಂದಿ ಚಪ್ಪಾಳೆ ಹೊಡೆದರು, ಶಟ್ಯಾ! ಖರೇನೇ ಹೊಡೆದರು. ಚೇರಮನ್ನರೂ ಹೊಡೆದರು. ಪಾರಾದೆವು ಎಂದುಕೊಂಡೆ. ಅಷ್ಟರಲ್ಲಿ ನಾಟಕದ ಥೇಟರಿನಲ್ಲಿ ಒದರುವ ಹಾಗೆ ಯಾರೋ "ವನ್ಸ್ ಮೋರ್!" ಎಂದರು. ಎಲ್ಲರೂ ಎತ್ತಿಕೊಂಡರು. ನಮ್ಮ ಮಂದಿಗೆ ಮನಸ್ಸಿಗೆ ಬಂದದ್ದನ್ನು ಒಂದೇ ಸಲ ನೋಡಿ ಬಿಡುವುದು ಗೊತ್ತೇ ಇಲ್ಲವಲ್ಲ. ನಾನು ಮಾಮಾನತ್ತ ಕೈ ಮುಗಿದೆ. ಅವನು ಹಿಗ್ಗಿ ಹೋಗಿದ್ದ. ರೀಲು ಹಿಂದೆ ಸುತ್ತಿ ಮತ್ತೆ ಬಿಟ್ಟ.

ಎರಡನೆಯ ಸಲ ಮಂದಿ ನಿನ್ನನ್ನು ಬಿಟ್ಟು ಹರವಿಯನ್ನು ನೋಡಿದರು. ಮುಂದಿನ ಸಾಲಿನಲ್ಲಿ ಒಬ್ಬರು ಮೆಲ್ಲಗೆ, "ಅದು ನಮ್ಮ ಸಾಲಿ ಹರವಿ ಅಲ್ಲೇನ್ರಿ? ಹುಡುಗ ಹಾಸ್ಟೆಲಿನಾವ ಅಲ್ಲೇನು?" ಎಂದರು. ಮೈಕಿನ ಹತ್ತಿರ ಇದ್ದದ್ದರಿಂದ ಅದು ಎಲ್ಲರಿಗೂ ಕೇಳಿಸಿತು. ಚಪ್ಪಾಳೆ ಬರಲಿಲ್ಲ. ಆಮೇಲೆ ಕುರ್ಚಿ ಸರಿದವು, ಕೂಗು ಎದ್ದಿತು. ಮಾಮಾ ಸಿನಿಮಾದ ಮಶೀನು ಆರಿಸಿದ, ಯಾರೋ ದೀಪ ಹಚ್ಚಿದರು. ಹಿಂದೆ ಗೋಡೆಯ ಹತ್ತಿರ ಅಪ್ಪಾರು ಬಿಳಿ ಅಂಗಿಯಲ್ಲಿ ಎದ್ದು ನಿಂತಿದ್ದರು, ಇನ್ನೂ ಧೋತರವನ್ನೇ ನೋಡುತ್ತಿದ್ದರು.

ಮುಂಜಾನೆ ಹರವಿ ಒಡೆದು ಬಿದ್ದಿತ್ತು. ಹೆಡ್‌ಮಾಸ್ತರರು ನಿನ್ನ ಫಾರಂ ತಡೆದು ಇಟ್ಟಿದ್ದಾರೆ. 13ಕ್ಕೆ ಪಾಲಕರೊಡನೆ ಬಂದು ತಪ್ಪೊಪ್ಪಿಗೆ ಬರೆದುಕೊಡಬೇಕಂತೆ. ಬರೆದುಬಿಡು. ಒಂದು ಕಾಗದದಿಂದ ಏನಾಗುತ್ತದೆ? ಪರೀಕ್ಷೆ ದೊಡ್ಡದು.

ನಿಜಗುಣ

ಬೈಲಹೊಂಗಲ, ಹಾಸ್ಟೆಲ್
15-1-1975

ನಿಜಗುಣ,

ಅಪ್ಪ ರವಿವಾರ ಮಧ್ಯಾಹ್ನ ಮನೆ ಮುಟ್ಟಿದ. ಅಂಗಿಗೆ ಒಂದು ಮಡಿಕೆಯೂ ಬಿದ್ದಿರಲಿಲ್ಲ. ನಾನು ಬಸ್ಸು ಹತ್ತಲಿಲ್ಲ ಎಂದು ಹೇಳಿ ಅತ್ತೆ. ಅವನು "ಹತ್ತದಿದ್ದದ್ದು ಚಲೋ ಆತು ಬಿಡು. ಎರಡು ಸಲ ನೋಡಿದೆ ನಿನ್ನ. ಮನ್ಯಾಗೂ ನೀ ತಲಿ ಬಗ್ಗಿಸೇ ನೀರು ಕುಡೀತಿ. ಅಲ್ಲಿ ತಲಿ ಎತ್ತಿ ಕುಡದಿದ್ದಿ" ಎಂದ. ಅವನಿಗೂ ಅಂಜಿಕೆ ಇತ್ತು, ನನಗೆ ಗೊತ್ತು.

ಸೋಮವಾರ ಇಬ್ಬರೂ ಬಂದೆವು. ಹೆಡ್‌ಮಾಸ್ತರರು ಬಿಳಿ ಹಾಳೆ ಮುಂದೆ ಸರಿಸಿ, "ತಪ್ಪಾತು ಅಂತ ಬರದು ಸಹಿ ಮಾಡು. ಫಾರಂ ಬುಧವಾರ ಟಪಾಲಿಗೆ ಹೋಗಬೇಕು" ಎಂದರು. ನಾನು ಪೆನ್ನು ತೆಗೆದೆ. ಬರೆದುಬಿಡುತ್ತಿದ್ದೆ, ಸುಳ್ಳು ಹೇಳುವುದಿಲ್ಲ. ಅಪ್ಪ ನನ್ನ ಕೈಯ ಮೇಲೆ ಕೈ ಇಟ್ಟ.

"ಬರಿತಾನ್ರಿ ಸರ. ಹುಡುಗ ಸಣ್ಣಾವ, ಮಾತು ಹೆಚ್ಚು ಕಮ್ಮಿ ಆದಾವು. ಏನು ತಪ್ಪು ಅನ್ನೂದನ್ನ ಮೊದಲ ನೀವು ಒಂದು ಹಾಳಿ ಮ್ಯಾಲ ಬರದು, ಸಹಿ ಹಾಕಿ, ಸಾಲಿ ಶಿಕ್ಕಾ ಒತ್ತಿ ಕೊಡ್ರಿ. ಅದನ್ನ ನೋಡಿ ಹಂಗ ಬರಿತಾನು."

ಹೆಡ್‌ಮಾಸ್ತರರು ಪೆನ್ನು ಎತ್ತಿಕೊಂಡರು. ತಾರೀಖು ಹಾಕಿದರು. ನನ್ನ ಹೆಸರು ಬರೆದರು. 'ಈತನು ಶಾಲೆಯ ಹರವಿಯ' ಎಂದು ಬರೆದು ಪೆನ್ನು ನಿಂತಿತು. ಅದರ ಮುಂದಿನ ಮಾತು ಅವರ ಸಹಿಯ ಮೇಲೆ ಬಂದರೆ ಏನಾಗುತ್ತದೆ ಎಂದು ಪೌರನೀತಿ ಕಲಿಸುವ ಅವರಿಗೆ ಗೊತ್ತಲ್ಲ.

"ಯಾರು ಕಲಿಸಿ ಕಳಿಸ್ಯಾರೋ ಗಂಗಪ್ಪ ನಿನಗ?" ಎಂದರು.

"ಯಾರೂ ಇಲ್ಲರಿ. ಗೌಂಡಿ ಅದೇನ್ರಿ. ಅಳತಿ ಬರದು ಕೊಡದ ನಾ ಯಾರದೂ ಗ್ವಾಡಿ ಕಟ್ಟೂದಿಲ್ಲ" ಎಂದ ಅಪ್ಪ. ಮೇಜಿನ ಕೆಳಗೆ ಅವನ ಕಾಲು ನನ್ನ ಕಾಲಿಗೆ ತಾಗಿತ್ತು, ತಟತಟ ಅಲುಗುತ್ತಿತ್ತು.

ಹೆಡ್‌ಮಾಸ್ತರರು ಹಾಳೆಯನ್ನು ಹರಿದು ಕಿಸೆಗೆ ಹಾಕಿಕೊಂಡರು. ಫಾರಂಗೆ ಸಹಿ ಮಾಡಿದರು. ಇವತ್ತು ಟಪಾಲಿಗೆ ಹೋಯಿತು.

ಆದರೆ ಅಷ್ಟಕ್ಕೇ ಮುಗಿಯಲಿಲ್ಲ. ಡ್ರಾವರಿನಿಂದ ಇನ್ನೊಂದು ಕಾಗದ ತೆಗೆದು ನನಗೆ ತೋರಿಸಿದರು. 'ನಾನು ಬೇಡವೆಂದರೂ ಕೇಳದೆ ಶಟ್ಟೆಪ್ಪನು ಬೇಕೆಂದೇ ಹರವಿಯನ್ನು ಮುಟ್ಟಿ ಕೆಡಿಸಿದನು.' ಕೆಳಗೆ ಸಹಿ. ಸಹಿ ನೋಡಬೇಕಾಗಿರಲಿಲ್ಲ, ಅಕ್ಷರ ನೋಡಿದ ಕೂಡಲೆ ಯಾರದೆಂದು ತಿಳಿಯಿತು. ಮೂರು ವರ್ಷ ನಿನ್ನ ವಹಿ ನೋಡಿ ಬರೆದವ ನಾನು. "ಇದು ನನ್ನ ಹಂತ್ಯಾಕ ಇರತೈತಿ. ಪರೀಕ್ಷಾ ಮುಗಿಯೂತನಕ ನೆಟ್ಟಗ ಇರು" ಎಂದರು. ನನ್ನನ್ನು ಹಾಸ್ಟೆಲಿನಿಂದ ಹೊರಗೆ ಹಾಕಲು ಆ ಒಂದು ಕಾಗದ ಸಾಕು. ಹೊರಗೆ ಹಾಕಿದರೆ ಎಲ್ಲಿ ಇದ್ದು ಪರೀಕ್ಷೆ ಬರೆಯಲಿ?

ಅಷ್ಟು ಉದ್ದ ಪತ್ರ ಬರೆದೆ. ಚಪ್ಪಾಳೆ ಬರೆದೆ, ವನ್ಸ್ ಮೋರ್ ಬರೆದೆ. ಇದೊಂದನ್ನು ಬರೆಯಲಿಲ್ಲ.

ಶಾಲೆಯಲ್ಲಿ ಹೊಸ ಹರವಿ ಇಟ್ಟಿಲ್ಲ. ಎಲ್ಲರೂ ಮನೆಯಿಂದ ನೀರು ತರುತ್ತಾರೆ. ಬೆಂಚಿನಲ್ಲಿ ನನ್ನ ಪಕ್ಕ ಯಾರೂ ಕೂಡುವುದಿಲ್ಲ. ಯಾರಾದರೂ ಹಿಂದಿನಿಂದ ನಡೆದು ಬಂದರೆ ಬೆನ್ನು ಸೆಟೆದುಕೊಳ್ಳುತ್ತದೆ. ನಿನ್ನ ಮೇಲೆ ನನಗೆ ಬಂದ ಸಿಟ್ಟು ಹೋಗಿಲ್ಲ, ಹೋಗುತ್ತದೆ ಎಂದು ಹೇಳಲೂ ಆರೆ. ಆದರೆ ಆ ಕಾಗದ ಸುಳ್ಳು ಎಂದು ಹೇಳಲು ನನ್ನಿಂದ ಆಗುವುದಿಲ್ಲ. ನನ್ನ ಮಾತು ಯಾರು ನಂಬುತ್ತಾರೆ? ಅದು ನಿನ್ನೊಬ್ಬನಿಂದಲೇ ಆಗುವ ಕೆಲಸ.

ಶಟ್ಟೆಪ್ಪ

ಸವದತ್ತಿ
20-1-1975

ಶಟ್ಟೆಪ್ಪ,

ನಿನ್ನ ಪತ್ರ ಶುಕ್ರವಾರ ಬಂತು. ಮೂರು ದಿನ ಅದನ್ನು ಚಡ್ಡಿಯ ಕಿಸೆಯಲ್ಲಿ ಇಟ್ಟುಕೊಂಡು ತಿರುಗಿದೆ. ಸಹಿ ಮಾಡುವಾಗ ಕೋಣೆಯಲ್ಲಿ ಹೆಡ್‌ಮಾಸ್ತರರು, ಚೇರಮನ್ನರು, ಮಾಮಾ ಮೂವರೂ ಇದ್ದರು. ಅವರು ಹೇಳಿದರು, ನಾನು ಬರೆದೆ. ಅಂಜಿ ಬರೆದೆ. ನಿನಗೆ ಹೇಳಲೂ ಅಂಜಿದೆ. ಬೇರೆ ಕಾರಣ ಹುಡುಕಿದೆ, ಸಿಗಲಿಲ್ಲ.

ಇವತ್ತು ಹೆಡ್‌ಮಾಸ್ತರರಿಗೆ ಒಂದು, ಹಾಸ್ಟೆಲಿನ ಸುಪರಿಂಟೆಂಡೆಂಟರಿಗೆ ಒಂದು ಪತ್ರ ಬರೆದೆ. ಎರಡರಲ್ಲೂ ಇರುವುದು ಒಂದೇ: 'ಅಕ್ಟೋಬರ್ 27ರ ರವಿವಾರ ಶಟ್ಟೆಪ್ಪನಿಗೆ ಹರವಿಯ ನೀರು ಕುಡಿಯಲು ಹೇಳಿದವನು ನಾನು. ಅವನು ಕೈ ಹಿಂದೆ ತೆಗೆದನು. ನಾನು ಒದರಿ ಕುಡಿಸಿದೆನು. ಜನವರಿ 5ರಂದು ನಾನು ಬರೆದುಕೊಟ್ಟದ್ದು ಸುಳ್ಳು, ಬೇರೆಯವರು ಹೇಳಿದಂತೆ ಬರೆದದ್ದು. ಅವನು ನೀರು ಕುಡಿದದ್ದರಲ್ಲಿ ತಪ್ಪೇನೂ ಇಲ್ಲ.' ಕೆಳಗೆ ಪೂರ್ತಿ ಹೆಸರು, ಊರು, ತಾರೀಖು.

ಇನ್ನು ಎರಡು ದಿನಕ್ಕೆ ಮಾಮಾನಿಗೆ ತಿಳಿಯುತ್ತದೆ, ಅದರ ಮರುದಿನ ಇಲ್ಲಿ ಅಪ್ಪನಿಗೆ. ಅಪ್ಪ ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದಾನೆ. ಅವನು ಹಾಳೆ ತಿರುವಿದಾಗಲೆಲ್ಲ ನಾನು ಬಾಗಿಲತ್ತ ನೋಡುತ್ತೇನೆ. ನನ್ನನ್ನು ಪರೀಕ್ಷೆಗೆ ಕಳಿಸುತ್ತಾರೋ ಇಲ್ಲವೋ ಗೊತ್ತಿಲ್ಲ.

ಆ ಎರಡು ಪತ್ರಗಳನ್ನು ಮೊದಲು ಟಪಾಲಿನ ಡಬ್ಬಿಗೆ ಹಾಕಿ ಬಂದು, ಆಮೇಲೆ ನಿನಗೆ ಇದನ್ನು ಬರೆಯಲು ಕೂತೆ. ಬರೆದು ಇಟ್ಟುಕೊಂಡು ಹಾಕಲೋ ಬೇಡವೋ ಎಂದು ವಿಚಾರ ಮಾಡಿದ್ದರೆ ಹಾಕುತ್ತಿರಲಿಲ್ಲ. ನಾನು ಎಂಥವನೆಂದು ಈಗ ನಿನಗೂ ಗೊತ್ತು, ನನಗೂ ಗೊತ್ತು.

ನಾಲ್ಕಕ್ಕೆ ಡಬ್ಬಿ ತೆಗೆಯುತ್ತಾರೆ. ಈಗ ನಾಲ್ಕೂವರೆ.

ನಿಜಗುಣ